ಮಂದೆಗೆ ರೋಗ ಬಿದ್ರೆ ನಷ್ಟದ ಲೆಕ್ಕ ಹೇಗೆ ಹಾಕ್ಬೇಕು?

ಹುಲ್ಲುಹಾದಿ

ಎಲ್ರಿಗೂ ನಮಸ್ಕಾರ. ಒಂದು ವಿಷ್ಯ ಕೆಲವು ದಿನದಿಂದ ತಲೇಲಿ ಕೊರೀತಿದೆ. ಜಾನುವಾರು ರೋಗದ ಸುದ್ದಿ ಬಂದಾಗೆಲ್ಲ ಇಷ್ಟು ಸಾವಿರ ದನ ಸತ್ತವು, ಇಷ್ಟು ಕುರಿ ಸತ್ತವು, ಇಷ್ಟು ಕೋಟಿ ನಷ್ಟ ಅಂತ ಹಾಕ್ತಾರೆ. ಅಂದ್ರೆ ಸತ್ತಿರೋ ಪ್ರಾಣಿ ಇಂಟು ಸಂತೆ ಬೆಲೆ, ಲೆಕ್ಕ ಮುಗೀತು. ಆದ್ರೆ ಹೊಲ ಇಲ್ದೆ, ಬೇರೆ ಕಸುಬೂ ಇಲ್ದೆ, ಮಂದೆ ಹೊಡ್ಕೊಂಡು ಮೇವು ನೀರು ಇದ್ದ ಕಡೆ ಅಲೆದು ಬದುಕೋ ಜನಕ್ಕೆ ಈ ಲೆಕ್ಕ ಸಾಕಾ? ನಂಗ್ಯಾಕೋ ದೊಡ್ಡದೇನೋ ಬಿಟ್ಟುಹೋಗಿದೆ ಅನ್ಸುತ್ತೆ, ಏನು ಅಂತ ಹೇಳೋಕೆ ಬರ್ತಿಲ್ಲ. ಮತ್ತೆ ಸಾಯದೆ ಉಳಿದ ಪ್ರಾಣಿಗಳದ್ದು ಏನು ಕಥೆ, ಅವು ಲಾಭದ ಕಡೆಗೇ ಬರುತ್ತಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ, ಉದ್ದ ಆದ್ರೂ ಪರ್ವಾಗಿಲ್ಲ ಓದ್ತೀನಿ.

ಮಂದೆಲೆಕ್ಕ

ನಿಮ್ಗೆ ಅನ್ಸಿದ್ದು ಸರಿ ಇದೆ. ಸಂತೆ ಬೆಲೆ ಅನ್ನೋದು ಕೊಯ್ಯೋಕೆ ಕೊಂಡುಕೊಳ್ಳೋನ ಬೆಲೆ. ಸಾಕೋನಿಗೆ ಒಂದು ಹಸು ಅಂದ್ರೆ ಅದು ಮುಂದೆ ಹಾಕೋ ಕರುಗಳು, ಅಷ್ಟು ವರ್ಷದ ಹಾಲು, ಮದ್ವೆಗೋ ಕಾಯಿಲೆಗೋ ದುಡ್ಡು ಬೇಕಾದಾಗ ಮಾರೋಕೆ ಇರೋ ಗಂಟು, ಎಲ್ಲಾ ಸೇರಿ ಒಂದೇ. ಅಸಲೂ ಅದೇ ಬಡ್ಡೀನೂ ಅದೇ.

ಒಂದು ಲೆಕ್ಕ ಹಾಕೋಣ. ಹತ್ತು ಹಸು ಇರೋ ಮನೇಲಿ ಆರು ಹೋದ್ವು ಅಂತಿಟ್ಕೊಳ್ಳಿ. ಉಳಿದ ನಾಲ್ಕು ವರ್ಷಕ್ಕೊಂದು ಕರು ಹಾಕಲ್ಲ, ಅಲೆಮಾರಿ ಮಂದೇಲಿ ಒಂದು ಈತಕ್ಕೂ ಇನ್ನೊಂದಕ್ಕೂ ಒಂದೂವರೆ ಎರಡು ವರ್ಷ ಹಿಡಿಯೋದು ಮಾಮೂಲು. ಹುಟ್ಟಿದ್ರಲ್ಲಿ ಅರ್ಧ ಗಂಡು. ಉಳಿದ ಹೆಣ್ಣುಗರುನಲ್ಲೂ ಒಂದಿಷ್ಟು ಸಾಯ್ತವೆ, ಬದುಕಿದ್ದು ಕಡಸಾಗಿ ಮೊದಲ ಸಲ ಈಯೋಕೆ ಮೂರ್ನಾಲ್ಕು ವರ್ಷ ಬೇಕು. ಹಾಗೆ ನೋಡಿದ್ರೆ ಮತ್ತೆ ಹತ್ತು ಹಸು ಆಗೋಕೆ ಎಂಟ್ಹತ್ತು ವರ್ಷ, ಅದೂ ನಡುವೆ ಬರ ಬರದೇ ಇದ್ರೆ, ಹೊಟ್ಟೆಪಾಡಿಗೆ ಅಂತ ಒಂದನ್ನೂ ಮಾರದೇ ಇದ್ರೆ. ಮಾರದೇ ಇರೋಕೆ ಆಗುತ್ತಾ? ಅಲ್ಲೇ ಇರೋದು ಸಮಸ್ಯೆ. ಒಂಟೆ ಆದ್ರೆ ಇನ್ನೂ ಕಷ್ಟ, ಗಬ್ಬದ ಕಾಲಾನೇ ಸುಮಾರು 13 ತಿಂಗಳು. ಕುರಿ ಮೇಕೆ ಐದು ತಿಂಗಳಿಗೆ ಮರಿ ಹಾಕ್ತವೆ, ಅವು ಬೇಗ ಚೇತರಿಸ್ಕೊಳ್ತವೆ.

ಅದಕ್ಕೇ ಎಷ್ಟು ಸತ್ತವು ಅನ್ನೋದಕ್ಕಿಂತ ಯಾವುದು ಸತ್ತವು ಅಂತ ಮೊದ್ಲು ಕೇಳ್ಬೇಕು. ಹತ್ತು ಟಗರು ಹೋದ್ರೆ ಒಂದು ವರ್ಷದ ಆದಾಯ ಹೋಯ್ತು, ಹತ್ತು ಗಬ್ಬದ ಕುರಿ ಹೋದ್ರೆ ಮುಂದಿನ ಮಂದೇನೇ ಹೋಯ್ತು.

ಉಳಿದವುಗಳ ಬಗ್ಗೆ ಕೇಳಿದ್ರಲ್ಲ. ಕಾಲುಬಾಯಿ ರೋಗದಲ್ಲಿ ದೊಡ್ಡ ದನ ಸಾಯೋದು ಕಮ್ಮಿ, ಎಳೆಗರುಗಳೇ ಹೆಚ್ಚು ಸಾಯೋದು, ವೈರಸ್ ಹೃದಯದ ಸ್ನಾಯುಗೇ ಹೊಡೆಯುತ್ತೆ. ಸಾವಿನ ಲೆಕ್ಕ ನೋಡಿದ್ರೆ ಪರ್ವಾಗಿಲ್ಲ ಅನ್ಸುತ್ತೆ. ಆದ್ರೆ ಬಾಯಿ ತುಂಬ ಹುಣ್ಣಾದ ದನ ಮೇಯಲ್ಲ, ಗೊರಸು ಕೊಳೆತಿದ್ದು ನೀರಿನ ತಾವಿಗೂ ನಡೆಯಲ್ಲ, ಹಾಲು ಇಳಿದುಬಿಡುತ್ತೆ. ಕೆಲವು ವಾಸಿ ಆದ್ಮೇಲೂ ಮೈಮೇಲೆ ಉದ್ದ ರೋಮ ಬೆಳೆಸ್ಕೊಂಡು ಸ್ವಲ್ಪ ಬಿಸಿಲಿಗೇ ಏದುಸಿರು ಬಿಡ್ತವೆ, ಬೆದೆಗೆ ಸರಿಯಾಗಿ ಬರಲ್ಲ. ಅಂಥ ಹಸು ಮೇವು ತಿನ್ನುತ್ತೆ, ಏನೂ ಕೊಡಲ್ಲ, ಮಾರೋಕೆ ಹೋದ್ರೆ ಅರ್ಧ ಬೆಲೆ. ಅದು ಯಾವ ಪಟ್ಟೀಲೂ ಇರಲ್ಲ ನೋಡಿ.

ಇನ್ನೊಂದು ಮಾತು, ಹಾಲು ನಿಂತ ದಿನಾನೇ ಆ ಮನೆ ಮಕ್ಕಳ ಊಟ ನಿಂತ ಹಾಗೆ. ಆಗ ದುಡ್ಡು ಕೊಟ್ಟು ಕಾಳು ತರ್ಬೇಕು, ದುಡ್ಡಿಗೆ ಪ್ರಾಣಿ ಮಾರ್ಬೇಕು, ಎಲ್ರೂ ಒಟ್ಟಿಗೆ ಮಾರೋಕೆ ನಿಂತ್ರೆ ಪ್ರಾಣಿ ಬೆಲೆ ಬಿದ್ದುಹೋಗುತ್ತೆ, ಕಾಳಿನ ಬೆಲೆ ಮಾತ್ರ ಹಾಗೇ ನಿಂತಿರುತ್ತೆ ಇಲ್ಲಾಂದ್ರೆ ಏರುತ್ತೆ. ಮೊದ್ಲು ಒಂದು ಕುರಿಗೆ ಬರ್ತಿದ್ದಷ್ಟು ಕಾಳಿಗೆ ಈಗ ಎರಡು ಮೂರು ಕುರಿ ಕೊಡ್ಬೇಕು. ರೋಗ ಬರದೇ ಇರೋ ಮಂದೇನೂ ಹೀಗೆ ಕರಗುತ್ತೆ.

ಗಡಿಬಾಗಿಲು

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ರೋಗಕ್ಕಿಂತ ರೋಗದ ಹೆದರಿಕೆ ಹೆಚ್ಚು ಹಾಳು ಮಾಡಿದ್ದೂ ಇದೆ. ಸೊಮಾಲಿಯಾ ಕಡೆಯವರು ಬೆರ್ಬೆರಾ ಬಂದರಿನಿಂದ ಸೌದಿ ಅರೇಬಿಯಾಗೆ ಕುರಿ ಮೇಕೆ ಕಳಿಸ್ತಾರೆ, ಹಜ್ ಸಮಯದಲ್ಲಿ ಲಕ್ಷಗಟ್ಲೆ ಹೋಗುತ್ತೆ, ಇಡೀ ಆ ಪ್ರದೇಶದ ಜೀವಾಳಾನೇ ಅದು. 2000ದಲ್ಲಿ ಸೌದಿ ಮತ್ತೆ ಯೆಮನ್‌ನಲ್ಲಿ ರಿಫ್ಟ್ ವ್ಯಾಲಿ ಜ್ವರ ಅನ್ನೋ ಜಾನುವಾರು ರೋಗ ಕಾಣಿಸ್ಕೊಂಡಾಗ ಸೌದಿ ಬಾಗಿಲು ಹಾಕ್ತು. ತೆಗೆದಿದ್ದು 2009ರಲ್ಲಿ. ಒಂಬತ್ತು ವರ್ಷ! ಅಷ್ಟೂ ವರ್ಷ ಗಟ್ಟಿಮುಟ್ಟಾಗಿದ್ದ ಪ್ರಾಣಿಗಳನ್ನ ಸಾಕಿದವರೂ ಅನುಭವಿಸಿದ್ರು, ಅವರ ಮಂದೇಲಿ ಒಂದೂ ಸತ್ತಿಲ್ದೇ ಇರಬಹುದು. ಮಾರೋನು, ದಲ್ಲಾಳಿ, ಲಾರಿಯವನು, ಬಂದರಲ್ಲಿ ಮೇವು ಹಾಕೋನು, ಪ್ರಾಣಿ ಹತ್ತಿಸೋ ಕೂಲಿಯವನು, ಒಬ್ಬರ ಹಿಂದೆ ಒಬ್ಬರು. ಸತ್ತ ಪ್ರಾಣಿ ಎಣಿಸಿದ್ರೆ ಇದ್ರಲ್ಲಿ ಯಾವುದೂ ಸಿಗಲ್ಲ.

ಹುಲ್ಲುಹಾದಿ

ಒಂಬತ್ತು ವರ್ಷ ಅಂತ ಓದಿ ಬೇಜಾರಾಯ್ತು. ಹಾಗಾದ್ರೆ ಸಂತೆ ಮುಚ್ಚೋದು, ಗಡಿ ಮುಚ್ಚೋದು ತಪ್ಪು ಅಂತೀರಾ? ಮುಚ್ಚದೇ ಇದ್ರೆ ರೋಗ ಹರಡಲ್ವಾ?

ಲಸಿಕೆಪೆಟ್ಟಿಗೆ

ನಾನು ಪಶುವೈದ್ಯಕೀಯ ಓದಿದೋನು, ಇಲ್ಲಿ ಸ್ವಲ್ಪ ಬೇರೆ ಮಾತು ಹೇಳ್ಬೇಕು. ಗಡಿಬಾಗಿಲು ಅವರು ಹೇಳಿದ್ದು ನಿಜ, ಆದ್ರೆ ರಿಫ್ಟ್ ವ್ಯಾಲಿ ಜ್ವರ ಬರೀ ಹೆದರಿಕೆ ಅಲ್ಲ ಸ್ವಾಮಿ. ಅದು ಮನುಷ್ಯರಿಗೂ ಬರುತ್ತೆ, ಜನ ಸಾಯ್ತಾರೆ. ಜೋರು ಮಳೆ ಆಗಿ ನೀರು ನಿಂತು ಸೊಳ್ಳೆ ಎದ್ದಾಗ ಏಳೋ ರೋಗ ಅದು, ಮಂದೇಲಿ ಗಬ್ಬದ ಕುರಿಗಳೆಲ್ಲ ಒಂದರ ಹಿಂದೆ ಒಂದು ಕಂದು ಹಾಕ್ತವೆ, ಅಂದ್ರೆ ಗರ್ಭಪಾತ ಆಗುತ್ತೆ, ಎಳೆಮರಿ ಉಳಿಯೋದೇ ಅಪರೂಪ. ಆ ಕಂದು ಎತ್ತೋನು, ಆ ಪ್ರಾಣಿ ಕೊಯ್ಯೋನು, ಅವರಿಗೇ ಮೊದ್ಲು ಅಂಟೋದು. ಪೂರ್ವ ಆಫ್ರಿಕಾದಲ್ಲಿ 1997-98ರಲ್ಲಿ, ಆಮೇಲೆ 2006-07ರಲ್ಲಿ ನಡೆದಿದ್ದು ಇದೇ. ಅಂಥ ಟೈಮಲ್ಲಿ ಮುಚ್ಚಲೇಬೇಕು.

ನನ್ನ ತಕರಾರು ಇರೋದು ಮುಚ್ಚಿದ್ಮೇಲೆ ಏನು ಅನ್ನೋದ್ರಲ್ಲಿ. ಯಾವಾಗ ತೆಗೀತೀವಿ ಅಂತ ಹೇಳದೆ ಮುಚ್ಚೋದು, ಮುಚ್ಚಿರೋ ಅಷ್ಟು ದಿನ ಸಾಕೋರ ಮನೆಯವರು ಏನು ತಿನ್ನಬೇಕು ಅಂತ ಯೋಚ್ನೆ ಮಾಡದೆ ಮುಚ್ಚೋದು. ಆಗ ಏನಾಗುತ್ತೆ ಅಂದ್ರೆ ಸಾಕೋನು ರಾತ್ರೋರಾತ್ರಿ ಕಮ್ಮಿ ಬೆಲೆಗೆ ಮಾರ್ತಾನೆ, ಪ್ರಾಣಿ ಕದ್ದುಮುಚ್ಚಿ ಇನ್ನೊಂದು ಕಡೆ ಹೋಗುತ್ತೆ, ರೋಗಾನೂ ಅದ್ರ ಜೊತೇಲೇ ಹೋಗುತ್ತೆ. ಮುಂದಿನ ಸಲ ಮಂದೇಲಿ ಒಂದಕ್ಕೆ ಜ್ವರ ಬಂದ್ರೆ ಯಾರಿಗೂ ಹೇಳೋದೇ ಇಲ್ಲ, ಹೇಳಿದೋನಿಗೇ ಪೆಟ್ಟು ಬೀಳೋದಾದ್ರೆ ಯಾಕೆ ಹೇಳ್ತಾನೆ? ಬ್ರಿಟನ್‌ನಲ್ಲಿ 2001ರಲ್ಲಿ ಕಾಲುಬಾಯಿ ರೋಗಕ್ಕೆ 60 ಲಕ್ಷಕ್ಕೂ ಹೆಚ್ಚು ಪ್ರಾಣಿ ಕೊಂದರು, ಆದ್ರೆ ಕೊಂದ ಪ್ರಾಣಿಗೆ ಸರ್ಕಾರ ಪರಿಹಾರ ಕೊಡ್ತು, ಕೊಡೋಕೆ ದುಡ್ಡೂ ಇತ್ತು ದಾಖಲೇನೂ ಇತ್ತು. ಪಶು ಆಸ್ಪತ್ರೆಯಿಂದ ಎರಡು ದಿನದ ಹಾದಿ ದೂರ ಇರೋ ಮಂದೆಗೆ ಯಾವ ದಾಖಲೆ ಇರುತ್ತೆ?

ಭರವಸೆ ಇಲ್ಲ ಅಂತ ಅಲ್ಲ. ದೊಡ್ಡರೋಗ ಗೊತ್ತಲ್ಲ, ದನಗಳಿಗೆ ಬರ್ತಿದ್ದ ರಿಂಡರ್‌ಪೆಸ್ಟ್, ಅದು 1887ರ ಹೊತ್ತಿಗೆ ಇಥಿಯೋಪಿಯಾ ಕಡೆಗೆ ಹೊರಗಿನಿಂದ ತಂದ ದನಗಳ ಜೊತೆ ಬಂದು ಹತ್ತು ವರ್ಷದಲ್ಲಿ ಆಫ್ರಿಕಾ ಖಂಡದ ದಕ್ಷಿಣ ತುದಿ ಮುಟ್ತು. ಇಥಿಯೋಪಿಯಾದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ದನ ಹೋದ್ವು ಅಂತ ಅಂದಾಜು. ಉಳೋಕೆ ಎತ್ತಿಲ್ದೆ ಹೊಲ ಬೀಳುಬಿದ್ದು, 1888ರಿಂದ 1892ರ ತನಕ ಭೀಕರ ಬರಗಾಲ. ದನಾನೇ ನಂಬಿದ್ದ ಮಾಸಾಯಿ ಜನಾನೂ ಆ ಕಾಲದಲ್ಲಿ ಹಸಿವಿಂದ ಸತ್ತರು. ಅಂಥ ರೋಗಾನ ಭೂಮಿ ಮೇಲಿಂದಾನೇ ಅಳಿಸಿದ್ವಿ, 2011ರಲ್ಲಿ ಘೋಷಣೆ ಆಯ್ತು. ಅದ್ರ ಕೊನೇ ಹಂತ ಗೆದ್ದಿದ್ದು ಹೇಗೆ ಅಂದ್ರೆ, ಫ್ರಿಜ್ ಇಲ್ದೆ ವಾರಗಟ್ಲೆ ತಡೆಯೋ ಲಸಿಕೆ ತಯಾರಾಯ್ತು, 1990ರ ದಶಕದಲ್ಲಿ ಇಥಿಯೋಪಿಯಾದ ಅಫಾರ್ ಕಡೆ, ದಕ್ಷಿಣ ಸೂಡಾನ್ ಕಡೆ ದನ ಕಾಯೋರಿಗೇ ತರಬೇತಿ ಕೊಟ್ಟು ಅವರ ಕೈಯಲ್ಲೇ ಸೂಜಿ ಹಾಕ್ಸಿದ್ರು. ಡಾಕ್ಟರ್ ಹೋಗೋಕಾಗದ ಕಡೆ ಅವರು ನಡ್ಕೊಂಡು ಹೋದ್ರು. ಕಾಯೋರನ್ನ ನಂಬಿದ್ದಕ್ಕೇ ಆಗಿದ್ದು ಅಂತ ನಾನು ಎಲ್ಲಿ ಬೇಕಾದ್ರೂ ಹೇಳ್ತೀನಿ.

ಮಂದೆಲೆಕ್ಕ

ಲಸಿಕೆಪೆಟ್ಟಿಗೆ ಅವರೇ ಚೆನ್ನಾಗಿ ಹೇಳಿದ್ರಿ. ಈಗ ಅದೇ ಹಾದೀಲಿ ಪಿಪಿಆರ್ ಅಂದ್ರೆ ಕುರಿ ಮೇಕೆಗಳ ಹಿರೇಬೇನೇನ 2030ರೊಳಗೆ ಅಳಿಸ್ತೀವಿ ಅಂತ ಗುರಿ ಇಟ್ಕೊಂಡಿದ್ದಾರೆ. ನನ್ನ ಪ್ರಕಾರ ಬಡವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ, ಯಾಕಂದ್ರೆ ಬರದಲ್ಲಿ ದನ ಕಳ್ಕೊಂಡ ಮನೆ ಮತ್ತೆ ಏಳೋದೇ ಮೇಕೆಯಿಂದ. ನಾಲ್ಕು ಮೇಕೆ ತರ್ತಾರೆ, ಅದು ಹತ್ತಾಗುತ್ತೆ, ಒಂದಷ್ಟು ಮಾರಿ ಒಂದು ಕಡಸು ತರ್ತಾರೆ. ಹೆಂಗಸರ ಹೆಸರಲ್ಲಿ ಇರೋ ಪ್ರಾಣೀನೂ ಹೆಚ್ಚಾಗಿ ಅದೇ. ಪಿಪಿಆರ್ ಹೊಡೆಯೋದು ಸರಿಯಾಗಿ ಆ ಮೆಟ್ಟಿಲಿಗೇ. ಒಂದು ಸಲ ಸೂಜಿ ಹಾಕಿದ್ರೆ ಮೂರು ವರ್ಷ ತಡೆಯೋ ಲಸಿಕೆ ಇದ್ದೂ ಮಂದೆ ಸಾಯೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಹುಲ್ಲುಹಾದಿ

ವಿಮೆ ಇದೆಯಲ್ಲ, ಅದ್ರಿಂದ ಆಗಲ್ವಾ?

ಗಡಿಬಾಗಿಲು

ಕೀನ್ಯಾದ ಮಾರ್ಸಬಿಟ್‌ನಲ್ಲಿ 2010ರಿಂದ ಒಂದು ವಿಮೆ ಇದೆ, ಸ್ಯಾಟಲೈಟ್‌ನಿಂದ ಹುಲ್ಲು ಎಷ್ಟು ಹಸಿರಿದೆ ನೋಡಿ ಒಣಗಿದ್ರೆ ದುಡ್ಡು ಕೊಡ್ತಾರೆ. ಒಳ್ಳೇದೇ, ಆದ್ರೆ ಅದು ಬರಕ್ಕೆ. ಹುಲ್ಲು ಹಸಿರಾಗೇ ಇದ್ದು ಮಂದೆ ರೋಗದಲ್ಲಿ ಸತ್ರೆ ಅದ್ರಿಂದ ಒಂದು ಪೈಸಾ ಬರಲ್ಲ. ರಿಫ್ಟ್ ವ್ಯಾಲಿ ಜ್ವರ ಬರೋದೇ ಮಳೆ ಜಾಸ್ತಿ ಆದಾಗ ಅಲ್ವಾ. ನೆಂಟರು ಒಂದೆರಡು ಪ್ರಾಣಿ ಕೊಟ್ಟು ಎತ್ತಿ ನಿಲ್ಲಿಸೋದು ಎಲ್ಲಾ ಕಡೆ ಇದೆ, ಆದ್ರೆ ರೋಗದಲ್ಲಿ ನೆಂಟರ ಮಂದೇನೂ ಅದೇ ವಾರ ಹೋಗಿರುತ್ತೆ, ಯಾರು ಯಾರಿಗೆ ಕೊಡ್ತಾರೆ.

ಲಸಿಕೆಪೆಟ್ಟಿಗೆ

ಮಂದೆ ಕಳ್ಕೊಂಡೋರಿಗೆ ಪ್ರಾಣಿ ಕೊಡೋ ಸಂಸ್ಥೆಗಳು ಯಾರಾದ್ರೂ ಇದನ್ನ ಓದ್ತಿದ್ರೆ ಒಂದು ಕೋರಿಕೆ. ದೂರದಿಂದ ಹೆಚ್ಚು ಹಾಲಿನ ತಳಿ ತಂದು ಹಂಚಬೇಡಿ, ಆ ಬಿಸಿಲು, ರಕ್ತ ಹೀರೋ ಆ ಉಣ್ಣೆಹುಳ ಅವಕ್ಕೆ ಆಗಲ್ಲ, ಜೊತೇಲಿ ಹೊಸ ರೋಗಾನೂ ತರ್ತವೆ. ಸುತ್ತಮುತ್ತಲ ಮಂದೆಯಿಂದಲೇ ಹೆಣ್ಣು ಕೊಳ್ಳಿ, ಲಸಿಕೆ ಹಾಕ್ಸಿ, ಎರಡು ಮೂರು ವಾರ ಬೇರೆ ಕಟ್ಟಿ ನೋಡಿ, ಆಮೇಲೆ ಕೊಡಿ. ಮತ್ತೆ ಮೊದಲ ಮರಿಗಳು ಹುಟ್ಟೋ ತನಕ ಆ ಮನೆಗೆ ಕಾಳಿನ ವ್ಯವಸ್ಥೆ ಮಾಡಿ, ಇಲ್ಲಾಂದ್ರೆ ಕೊಟ್ಟಿದ್ದನ್ನ ಮುಂದಿನ ತಿಂಗಳೇ ಮಾರಬೇಕಾಗುತ್ತೆ.