‘ಕೇಳು’ ಒಂದೇ ಪದ ಸಾಕಾ? ಹೆರಿಗೆ ಕೋಣೆಯ ಮಾತಿನ ಬಗ್ಗೆ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಸೂಲಗಿತ್ತಿ ಕೆಲಸ ಕಲಿಯುವವರಿಗಾಗಿ ಒಂದು ಪಾಠ ಬರೆಯುತ್ತಿದ್ದೇನೆ. ಬಸುರಿಯರ ಜೊತೆ, ನೋವಿನಲ್ಲಿರುವವರ ಜೊತೆ ಹೇಗೆ ಮಾತಾಡಬೇಕು ಅನ್ನುವುದು ವಿಷಯ. ‘ಆಕ್ಟಿವ್ ಲಿಸನಿಂಗ್’, ಅಂದರೆ ಗಮನವಿಟ್ಟು ಕೇಳಿಸಿಕೊಂಡು ತಿರುಗಿ ವಿಚಾರಿಸುವುದು, ಅನ್ನುವಲ್ಲಿಗೆ ಬಂದು ಪೆನ್ನು ನಿಂತಿದೆ.

ಮೊದಲು ‘ಸಕ್ರಿಯ ಆಲಿಸುವಿಕೆ’ ಅಂತ ಬರೆದಿದ್ದೆ. ಓದಿದ ನರ್ಸ್ ಗೆಳತಿ ‘ಇದೇನು, ಕಿವಿಯ ಕಾಯಿಲೆಯಾ?’ ಅಂದಳು. ಹೊಡೆದುಹಾಕಿದೆ. ‘ಕಿವಿಗೊಡುವುದು’ ಚೆನ್ನಾಗಿದೆ, ಆದರೆ ಅರ್ಧ ಕೆಲಸವನ್ನಷ್ಟೇ ಹೇಳುತ್ತದೆ. ‘ಮಗು ಯಾಕೋ ಮೊದಲಿನ ಹಾಗೆ ಒದೀತಿಲ್ಲ’ ಅಂತ ಬಸುರಿ ಹೇಳಿದರೆ ಸುಮ್ನೆ ತಲೆಯಾಡಿಸಿದರೆ ಆಗುವುದಿಲ್ಲ. ಯಾವಾಗಿನಿಂದ, ಕಡಿಮೆಯಾಗಿದೆಯಾ, ಪೂರ್ತಿ ನಿಂತಿದೆಯಾ ಅಂತ ತಿರುಗಿ ವಿಚಾರಿಸಬೇಕು. ಒದೆತ ಕಡಿಮೆಯಾಗುವುದು ತಡಮಾಡದೆ ನೋಡಬೇಕಾದ ಸೂಚನೆ.

ಆಗ ಹೊಳೆದದ್ದು ನಮ್ಮ ‘ಕೇಳು’. ಕಿವಿಗೆ ಬೀಳುವುದಕ್ಕೂ ಅದೇ, ಪ್ರಶ್ನೆ ಹಾಕುವುದಕ್ಕೂ ಅದೇ. ಇಂಗ್ಲಿಷಿಗೆ ಎರಡು ಪದ ಬೇಕು, ನಮಗೆ ಒಂದೇ ಸಾಕು! ಆದರೆ ಮೂರನೇ ಅರ್ಥವೂ ಇದೆಯಲ್ಲ, ಹೇಳಿದಂತೆ ನಡೆಯುವುದು. ‘ಈಯಮ್ಮ ಮಾತೇ ಕೇಳಲ್ಲ’ ಅಂತ ಸಿಡುಕುವಾಗ ಬರುವ ‘ಕೇಳು’ ಅದು. ನನ್ನ ಪಾಠ ಬಿಡಿಸಬೇಕಾದ ಅಭ್ಯಾಸವೇ ಆ ಸಿಡುಕು.

ತಮಾಷೆ ಅಂದರೆ ‘ಶುಶ್ರೂಷೆ’ಯ ಕತೆಯೂ ಹೀಗೇ. ಸಂಸ್ಕೃತದಲ್ಲಿ ಅದರ ಮೂಲ ಅರ್ಥ ಕೇಳುವ ಆಸೆ. ಆಮೇಲೆ ಹೇಳಿದ್ದನ್ನು ಪಾಲಿಸುವುದು, ಸೇವೆ ಮಾಡುವುದು ಅಂತ ಸರಿದುಹೋಯಿತು. ಶುಶ್ರೂಷಕಿ ಅಂದರೆ ಕೇಳಲು ಬಯಸುವವಳು. ಅಲ್ಲಿ ಕೇಳಬೇಕಾದದ್ದು ಆರೈಕೆ ಮಾಡುವವಳು, ನೋವು ತಿನ್ನುತ್ತಿರುವವಳಲ್ಲ.

‘ಕನ್ಸೆಂಟ್’ ಬಂದಾಗಲೂ ಇದೇ ಪದ ಕೈಹಿಡಿಯಿತು. ‘ಒಪ್ಪಿಗೆ ತೆಗೆದುಕೊಳ್ಳಿ’ ಅಂದರೆ ಸಹಿ ಹಾಕಿಸಿಕೊಂಡು ಫೈಲಿಗೆ ಸೇರಿಸಿದ ಹಾಗೆ. ‘ಒಪ್ಪಿಗೆ ಕೇಳಿ’ ಅಂದರೆ ಬೇಡ ಅನ್ನುವುದಕ್ಕೂ ಜಾಗವಿದೆ. ಒಳಪರೀಕ್ಷೆಗೆ ಮುಂಚೆ ‘ನೋಡ್ತೀನಿ’ ಅನ್ನುವುದಕ್ಕೂ ‘ನೋಡ್ಲಾ?’ ಅನ್ನುವುದಕ್ಕೂ ಎಷ್ಟು ದೂರ! ಆ ‘ಲಾ’ ಒಂದನ್ನು ಕಲಿಸಿದರೆ ಎರಡು ಪುಟ ಉಳಿಯುತ್ತದೆ. ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಕು ಅನ್ನುವುದನ್ನಂತೂ ಬೇರೆಯಾಗಿ ಬರೆಯಲೇಬೇಕು, ಅಲ್ವಾ?

ಈಗ ನನ್ನ ಪ್ರಶ್ನೆ. ಪಾಠಕ್ಕೆ ‘ಸಂವಹನ ಕೌಶಲ್ಯ’ ಬಿಟ್ಟು ‘ಕೇಳುವುದು’ ಅಂತಲೇ ಹೆಸರಿಟ್ಟರೆ ಓದುವವರಿಗೆ ಎರಡೂ ಅರ್ಥ ಹೊಳೆಯುತ್ತದೆಯೇ? ಅಥವಾ ಆ ಮೂರನೆಯದೇ ಮುಂದೆ ಬಂದು ನಿಲ್ಲುತ್ತದೆಯೇ?

ಇನ್ನೊಂದು ಚಿಕ್ಕದು. ಮಗು ಹೊರಬರಲು ಬಲ ಹಾಕು ಅನ್ನುವುದಕ್ಕೆ ‘ಮುಕ್ಕು’ ಅನ್ನುವುದು ಹೆರಿಗೆಯಲ್ಲಿ ಬಳಕೆಯ ಪದವೇ. ಆದರೆ ‘ಮಣ್ಣು ಮುಕ್ಕು’ ಅನ್ನುವ ಬೈಗುಳವೂ ಇದೆ. ‘ಮುಕ್ಕಿ’, ‘ಮುಕ್ಕಮ್ಮ’ ಅಂತ ಅಚ್ಚಿನಲ್ಲಿ ಕಂಡರೆ ನಿಮಗೆ ಒರಟು ಅನಿಸುತ್ತದೆಯೇ? ‘ಒತ್ತಿ’ ಅಂತ ಬರೆಯಬಹುದು, ಆದರೆ ಏನನ್ನು ಒತ್ತಬೇಕು ಅಂತ ಅವಳು ನಮ್ಮನ್ನೇ ಕೇಳಬೇಕಾಗುತ್ತದೆ.