ಸಹಾಯ ಬೇಕು: ಒಂಟೆಗಳೊಂದಿಗೆ ರಾಜಸ್ಥಾನದ ಗಡಿ ದಾಟಲು ಅನುಮತಿ ಯಾರು ಪಡೆಯಬೇಕು?

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆಯವನು. ನಮ್ಮ ಭಾಗದ ಕುರಿಗಾರರು ಸುಗ್ಗಿಯ ನಂತರ ಹಿಂಡಿನೊಂದಿಗೆ ಊರೂರು ಸಾಗಿ, ರಾತ್ರಿ ಹೊಲದಲ್ಲಿ ಕುರಿ ತರುಬಿ, ಹೊಲದವರಿಂದ ಕಾಳನ್ನೋ ಹಣವನ್ನೋ ಪಡೆಯುವುದನ್ನು ನೋಡುತ್ತಲೇ ಬೆಳೆದವನಾದ್ದರಿಂದ, ರಾಜಸ್ಥಾನದ ರೈಕಾ ಸಮುದಾಯದವರು ಒಂಟೆಗಳೊಂದಿಗೆ ಸಾಗುವ ಬದುಕನ್ನು ಅವರ ಜೊತೆ ನಡೆದೇ ತಿಳಿಯಬೇಕೆಂಬುದು ನನ್ನ ಬಹುಕಾಲದ ಆಸೆ.

ಪಾಲಿ ಜಿಲ್ಲೆಯ ಒಂಟೆ ಸಾಕುವ ಕುಟುಂಬವೊಂದು ನನ್ನನ್ನು ಕರೆದೊಯ್ಯಲು ಒಪ್ಪಿದೆ. ಜಾಲೋರ್ ಮಾರ್ಗವಾಗಿ ಗುಜರಾತಿನ ಬನಾಸಕಾಂಠಾ ತಲುಪುವ ಯೋಚನೆಯಿದೆ. ನೀರು, ಮೇವು, ತಂಗುವ ಊರುಗಳನ್ನು ಅವರೇ ಬಲ್ಲರು. ಅದರ ಚಿಂತೆ ನನಗಿಲ್ಲ.

ತೊಡಕಿರುವುದು ರಾಜ್ಯದ ಗಡಿಯಲ್ಲಿ. 2014ರಲ್ಲಿ ಒಂಟೆಯನ್ನು ರಾಜ್ಯಪ್ರಾಣಿಯೆಂದು ಘೋಷಿಸಿದ ರಾಜಸ್ಥಾನವು 2015ರ ಕಾಯ್ದೆಯ ಮೂಲಕ ಒಂಟೆವಧೆಯನ್ನು ನಿಷೇಧಿಸಿದ್ದಲ್ಲದೆ, ಅನುಮತಿಯಿಲ್ಲದೆ ಒಂಟೆಗಳನ್ನು ಹೊರರಾಜ್ಯಕ್ಕೆ ಒಯ್ಯುವುದನ್ನೂ ನಿರ್ಬಂಧಿಸಿದೆ. ಒಂಟೆಗಳ ಸಂಖ್ಯೆ ಕುಸಿಯುತ್ತಿರುವಾಗ ಇಂಥ ಎಚ್ಚರ ಅಗತ್ಯವೆಂದೇ ನನ್ನ ನಂಬಿಕೆ. ಆದರೆ ಅಲ್ಲಿನ ಕಚೇರಿಯೊಂದಕ್ಕೆ ಫೋನ್ ಮಾಡಿದಾಗ ಮಾಲೀಕರ ಅರ್ಜಿಯೇ ಸಾಕೆಂದರು; ಮತ್ತೊಮ್ಮೆ ವಿಚಾರಿಸಿದಾಗ, ಹೊರಗಿನವನೊಬ್ಬ ಜೊತೆಗಿದ್ದರೆ ಅದು ಮೇವಿನ ವಲಸೆಯಾಗದೆ ಪ್ರವಾಸವಾಗುತ್ತದೆ ಎಂದರು. ಕೊಪ್ಪಳದ ಪರಿಚಿತ ವಕೀಲರಿಗೆ ಕಾಯ್ದೆಯ ಪ್ರತಿ ತೋರಿಸಿದೆ. ಅವರಿಗೂ ಇದು ಸ್ಪಷ್ಟವಾಗಲಿಲ್ಲ. ನನ್ನ ಕಾರಣದಿಂದ ಆ ಕುಟುಂಬದ ಒಂಟೆಗಳನ್ನು ಯಾರಾದರೂ ತಡೆದು ನಿಲ್ಲಿಸಿದರೆ ಅವರ ಜೀವನಕ್ಕೇ ಪೆಟ್ಟು ಬೀಳುತ್ತದೆ ಎಂಬುದೇ ನನ್ನ ಭಯ.

ರಾಜಸ್ಥಾನದಲ್ಲಿ ಕೆಲಸ ಮಾಡಿದವರು, ಪಶುಸಂಗೋಪನಾ ಇಲಾಖೆಯಲ್ಲಿರುವವರು ದಯವಿಟ್ಟು ತಿಳಿಸಿ: ಮಾಲೀಕರು ಮೇವಿನ ವಲಸೆಗೆಂದು ಪಡೆದ ಅನುಮತಿಯಲ್ಲೇ ನಾನು ಜೊತೆಗೆ ನಡೆಯಬಹುದೇ, ಅಥವಾ ನನ್ನ ಹೆಸರಿನಲ್ಲಿ ಪ್ರತ್ಯೇಕ ಅರ್ಜಿ ಬೇಕೇ? ಬೇಕಿದ್ದರೆ ಅದನ್ನು ಯಾವ ಅಧಿಕಾರಿಗೆ ಸಲ್ಲಿಸಬೇಕು?