ಗಿಟಾರಿನ ‘ಆಕ್ಷನ್’ಗೆ ಕನ್ನಡದಲ್ಲಿ ಏನಂತೀರಿ? ಜೊತೆಗೆ ಇನ್ನೊಂದಿಷ್ಟು ಪದಗಳು

ಎಲ್ಲರಿಗೂ ನಮಸ್ಕಾರ.

ಅಕ್ಕನ ಮಗ ಮೊದಲ ಎಲೆಕ್ಟ್ರಿಕ್ ಗಿಟಾರ್ ಕೊಳ್ಳಲು ಹೊರಟಿದ್ದಾನೆ. ‘ಏನೇನು ನೋಡಿ ತಗೋಬೇಕು ಮಾವ, ಬರೆದು ಕಳಿಸಿ’ ಅಂದ. ಕನ್ನಡದಲ್ಲೇ ಬರೆಯೋಣ ಅಂತ ಕೂತೆ. ಗಿಟಾರ್, ಆಂಪ್ (ಆಂಪ್ಲಿಫೈಯರ್), ಕೇಬಲ್ ಇವೆಲ್ಲ ಹಾಗೇ ಇರಲಿ, ತಕರಾರಿಲ್ಲ. ಆದರೆ ಕೆಲವು ಪದಗಳನ್ನು ಹಾಗೇ ಬಿಟ್ಟರೆ ಹುಡುಗ ತಪ್ಪು ತಿಳಿಯುತ್ತಾನೆ. ಆ ಪದಗಳ ಬಗ್ಗೆಯೇ ನನ್ನ ಪ್ರಶ್ನೆ.

ಎಲ್ಲಕ್ಕಿಂತ ಮುಖ್ಯವಾದದ್ದು ‘ಆಕ್ಷನ್’. ಗಿಟಾರಿನವರ ಮಾತಿನಲ್ಲಿ ಆಕ್ಷನ್ ಅಂದರೆ ತಂತಿಗೂ ಅದರ ಕೆಳಗಿರುವ ಫ್ರೆಟ್ಟಿಗೂ (ಗಿಟಾರಿನ ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ) ನಡುವೆ ಇರುವ ಎತ್ತರ. ಅಷ್ಟೇ. ಸಾಮಾನ್ಯವಾಗಿ 12ನೇ ಫ್ರೆಟ್ಟಿನ ಮೇಲೆ ಅಳೆಯುತ್ತಾರೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಅದು ಒಂದೂವರೆಯಿಂದ ಎರಡು ಮಿಲಿಮೀಟರ್ ಇದ್ದರೆ ಕೈಗೆ ಹಿತ. ಮೂರು ದಾಟಿತೋ, ಹೊಸಬರ ಬೆರಳು ಸೋಲುತ್ತದೆ. ತಂತಿಯನ್ನು ಅಷ್ಟು ದೂರ ಒತ್ತುವಾಗ ಅದು ಬಿಗಿದು ಶ್ರುತಿಯೂ ಏರುತ್ತದೆ. ಹಾಗಂತ ತೀರಾ ಇಳಿಸಿದರೆ ತಂತಿ ಮುಂದಿನ ಫ್ರೆಟ್ಟಿಗೆ ತಾಗಿ ಗರ್ ಗರ್ ಅನ್ನುತ್ತದೆ. ಆರಂಭದಲ್ಲಿ ಯಾವ ಕಂಪನಿಯ ಗಿಟಾರ್ ಅನ್ನುವುದಕ್ಕಿಂತ ಈ ಎತ್ತರ ಹೆಚ್ಚು ಮುಖ್ಯ ಅನ್ನುವವನು ನಾನು. ಎಷ್ಟೋ ಜನ ‘ನನ್ನ ಬೆರಳಿಗೆ ಇದು ಒಗ್ಗಲ್ಲ’ ಅಂತ ಗಿಟಾರನ್ನು ಅಟ್ಟಕ್ಕೆ ಹಾಕುತ್ತಾರೆ. ನಿಜವಾಗಿ ತಂತಿ ಎದ್ದಿರುತ್ತದೆ, ಅಷ್ಟೇ.

ಯಂತ್ರದಿಂದ ಕನ್ನಡಕ್ಕೆ ತಂದ ಒಂದು ಬರಹದಲ್ಲಿ ಇದಕ್ಕೆ ‘ಕ್ರಿಯೆ’ ಅಂತ ಇತ್ತು. ‘ಆರಂಭಿಕರಿಗೆ ಕಡಿಮೆ ಕ್ರಿಯೆ ಒಳ್ಳೆಯದು.’ ಓದಿ ಬಹಳ ಹೊತ್ತು ನಕ್ಕೆ. ಅದೇ ಬರಹದಲ್ಲಿ, ಗಿಟಾರಿನ ಮೈ ಮೇಲೆ ತಂತಿಗಳು ಕೂರುವ ಭಾಗವಾದ ಫ್ಲೋಟಿಂಗ್ ಬ್ರಿಡ್ಜ್ ‘ತೇಲುವ ಸೇತುವೆ’ ಆಗಿತ್ತು.

ನನಗೆ ಸರಿ ಅನ್ನಿಸುವುದು ಸೀದಾ ‘ತಂತಿ ಎತ್ತರ’. ‘ಈ ಗಿಟಾರಿನ ತಂತಿ ಎತ್ತರ ಜಾಸ್ತಿ ಇದೆ, ಇಳಿಸಿಕೊಡಿ’ ಅಂದರೆ ಯಾರಿಗಾದರೂ ಅರ್ಥವಾಗುತ್ತದೆ ಅಲ್ವಾ? ನಾಮಪದವೇ ಬೇಕು ಅಂತಲೂ ಇಲ್ಲ. ‘ತಂತಿ ಎದ್ದಿದೆ’, ‘ತಂತಿ ಕೂತಿದೆ’ ಅಂದರೂ ಸಾಕು. ಇದರ ಜೊತೆಗೇ ಬರುವ ಇನ್ನೊಂದು ಪದ ‘ಸೆಟಪ್’. ಕತ್ತಿನ ಒಳಗಿರುವ ಕಬ್ಬಿಣದ ಸರಳನ್ನು ತಿರುಗಿಸಿ ಬಾಗು ಸರಿಮಾಡುವುದು, ತಂತಿ ಎತ್ತರ ಹೊಂದಿಸುವುದು, ಎಲ್ಲ ಫ್ರೆಟ್ಟುಗಳಲ್ಲೂ ಶ್ರುತಿ ಸರಿ ಬರುವಂತೆ ಮಾಡುವುದು, ಎಲ್ಲ ಸೇರಿ ಸೆಟಪ್. ಇದಕ್ಕೆ ‘ಹದ ಮಾಡಿಸು’ ಅನ್ನಬಹುದಾ? ಮಣ್ಣಿಗೂ ಪಾಕಕ್ಕೂ ಹದ ಇದೆ, ವಾದ್ಯಕ್ಕೆ ಯಾಕೆ ಬೇಡ? ‘ಕೊಳ್ಳುವಾಗಲೇ ಅಂಗಡಿಯಲ್ಲಿ ಹದ ಮಾಡಿಸಿಕೋ’ ಅಂತ ಬರೆದುಬಿಟ್ಟಿದ್ದೇನೆ. ಹದ ಮಾಡಿಸಿದ ಅಗ್ಗದ ಗಿಟಾರು, ಪೆಟ್ಟಿಗೆಯಿಂದ ತೆಗೆದ ಹಾಗೇ ಇರುವ ದುಬಾರಿ ಗಿಟಾರಿಗಿಂತ ಚೆನ್ನಾಗಿ ಕೈಗೆ ಸಿಗುತ್ತದೆ.

ಇನ್ನು ಭಾಗಗಳ ಹೆಸರು. ಇಲ್ಲಿ ವೀಣೆಯವರು ನಮಗೆ ಕೆಲಸ ಮಾಡಿಟ್ಟಿದ್ದಾರೆ. ತಂತಿ ತಿರುಗಿಸುವುದು ಬಿರಡೆ. ತಂತಿ ಕೂರುವುದು ಕುದುರೆ. ಫ್ರೆಟ್ಟು ಮೆಟ್ಟಿಲು. ಬಿರಡೆಯ ಕಡೆ ತಂತಿ ಹಾಯುವ ಪಟ್ಟಿಗೆ ಮೇರು ಅನ್ನುವುದುಂಟು, ಗಿಟಾರಿನ ‘ನಟ್’ ಅದೇ. ನಟ್ ಅಂದರೆ ಹುಡುಗ ಬೋಲ್ಟನ್ನು ಹುಡುಕುತ್ತಾನೆ, ಮೇರು ಅಂದರೆ ಪರ್ವತ ನೆನಪಾಗುತ್ತದೆ. ಎರಡೂ ಕಷ್ಟವೇ. ಆದರೂ ಮೇರು ಪರವಾಗಿಲ್ಲ ಅನ್ನಿಸಿತು.

ಮೆಟ್ಟಿಲ ವಿಷಯದಲ್ಲಿ ಮಾತ್ರ ಸ್ವಲ್ಪ ನಿಂತು ಯೋಚಿಸಬೇಕು. ಇಂಗ್ಲಿಷಿನಲ್ಲಿ ‘ಮೂರನೇ ಫ್ರೆಟ್ ಒತ್ತು’ ಅಂದರೆ ಮೂರನೇ ಲೋಹದ ಪಟ್ಟಿಯ ಮೇಲೆ ಬೆರಳಿಡುವುದಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವಿನ ಜಾಗದಲ್ಲಿ, ಮೂರನೆಯದಕ್ಕೆ ಆದಷ್ಟು ಹತ್ತಿರ ಒತ್ತಬೇಕು. ಹೊಸಬರು ಪಟ್ಟಿಯ ಮೇಲೇ ಒತ್ತುತ್ತಾರೆ, ಸ್ವರ ಮಂಕಾಗುತ್ತದೆ. ಇಲ್ಲವೇ ತುಂಬಾ ಹಿಂದೆ ಒತ್ತುತ್ತಾರೆ, ಗರ್ ಅನ್ನುತ್ತದೆ. ‘ಮೂರನೇ ಮೆಟ್ಟಿಲು’ ಅಂದರೆ ಕನ್ನಡದ ಕಿವಿಗೆ ಅದರ ಮೇಲೆ ಕಾಲಿಟ್ಟ ಹಾಗೇ ಕೇಳಿಸುತ್ತದೆ. ಅದಕ್ಕೇ ಜಾಗಕ್ಕೆ ‘ಮನೆ’ ಅಂದರೆ ಹೇಗೆ, ಚೌಕಾಬಾರದ ಮನೆಯ ಹಾಗೆ? ಲೋಹದ ಪಟ್ಟಿ ಮೆಟ್ಟಿಲು, ಬೆರಳು ಕೂರುವುದು ಮನೆ. ‘ಐದನೇ ಮನೆ, ಮೆಟ್ಟಿಲಿಗೆ ಅಂಟಿದ ಹಾಗೆ ಒತ್ತು.’ ವೀಣೆ ಕಲಿಸುವವರು ಈ ಗುಂಪಿನಲ್ಲಿದ್ದೀರಿ. ನಿಮ್ಮ ಕಡೆ ‘ಮನೆ’ ಅನ್ನುವ ರೂಢಿ ಇದೆಯಾ? ದಯವಿಟ್ಟು ಹೇಳಿ.

ವೀಣೆಗೂ ಗಿಟಾರಿಗೂ ಒಂದು ವ್ಯತ್ಯಾಸವನ್ನೂ ಇಲ್ಲಿ ಹೇಳಬೇಕು. ವೀಣೆಯ 24 ಮೆಟ್ಟಿಲು ಮೇಣದಲ್ಲಿ ಕೂತಿರುತ್ತವೆ. ಸ್ವರ ಸರಿ ಬರದಿದ್ದರೆ ಮೇಣ ಬಿಸಿಮಾಡಿ ಮೆಟ್ಟಿಲನ್ನೇ ಸರಿಸಬಹುದು, ಅದಕ್ಕೆ ‘ಮೇಳ ಕಟ್ಟುವುದು’ ಅನ್ನುತ್ತಾರೆ. ಗಿಟಾರಿನಲ್ಲಿ ಮೆಟ್ಟಿಲನ್ನು ಮರದ ಗೀಟಿಗೆ ಬಡಿದು ಕೂರಿಸಿರುತ್ತಾರೆ, ಕದಲಿಸಲು ಆಗುವುದಿಲ್ಲ. ಬದಲಿಗೆ ಕುದುರೆಯ ಮೇಲಿರುವ ಪುಟ್ಟ ತುಂಡುಗಳನ್ನು ಹಿಂದೆ ಮುಂದೆ ಸರಿಸುತ್ತಾರೆ. ಇದಕ್ಕೆ ಇಂಗ್ಲಿಷಿನಲ್ಲಿ ಇಂಟೊನೇಶನ್. ಕೊಳ್ಳುವಾಗ ನೋಡುವುದು ಸುಲಭ. ತಂತಿಯನ್ನು ಒತ್ತದೆ, 12ನೇ ಮೆಟ್ಟಿಲ ಮೇಲೆ ಬೆರಳನ್ನು ಹಗುರವಾಗಿ ತಾಗಿಸಿ ಮೀಟಿದರೆ ಗಂಟೆಯಂಥ ಸ್ವರ ಬರುತ್ತದೆ. ಆಮೇಲೆ ಅಲ್ಲೇ ಒತ್ತಿ ಮೀಟಬೇಕು. ಎರಡೂ ಒಂದೇ ಇರಬೇಕು. ಒತ್ತಿದ್ದು ಏರಿದ್ದರೆ ಆ ತುಂಡನ್ನು ಹಿಂದಕ್ಕೆ ಸರಿಸಬೇಕು. ಇದನ್ನು ‘ಮೇಳ ಸರಿಮಾಡುವುದು’ ಅಂದರೆ ವೀಣೆಯವರು ಬೈಯುತ್ತೀರಾ? ಸರಿಸುವ ವಸ್ತು ಬೇರೆ, ಉದ್ದೇಶ ಒಂದೇ.

‘ಸ್ಕೇಲ್’ ಅನ್ನುವ ಪದವಂತೂ ಕನ್ನಡದಲ್ಲಿ ಬಿಟ್ಟುಬಿಡುವುದೇ ಒಳ್ಳೆಯದು. ಆರ್ಕೆಸ್ಟ್ರಾದವರಿಗೆ ಸ್ಕೇಲ್ ಅಂದರೆ ಶ್ರುತಿ: ‘ಯಾವ ಸ್ಕೇಲಲ್ಲಿ ಹಾಡ್ತೀರಿ?’ ಸಂಗೀತದ ಮೇಷ್ಟ್ರಿಗೆ ಸ್ವರಗಳ ಸಾಲು. ಶಾಲೆಯ ಮಕ್ಕಳಿಗೆ ಗೆರೆ ಎಳೆಯುವ ಪಟ್ಟಿ. ಗಿಟಾರಿನ ‘ಸ್ಕೇಲ್ ಲೆಂಗ್ತ್’ ಅಂದರೆ ಮೇರುವಿನಿಂದ ಕುದುರೆಯವರೆಗಿನ ಉದ್ದ. ಫೆಂಡರ್ ಬಗೆಯ ಗಿಟಾರುಗಳಲ್ಲಿ 25.5 ಇಂಚು, ಗಿಬ್ಸನ್ ಬಗೆಯಲ್ಲಿ ಸುಮಾರು 24.75. ಒಂದೇ ತಂತಿ, ಒಂದೇ ಶ್ರುತಿ ಇದ್ದರೆ ಗಿಡ್ಡದರಲ್ಲಿ ಬಿಗಿ ಕಡಿಮೆ, ಮನೆಗಳೂ ಕೊಂಚ ಹತ್ತಿರ. ಸಣ್ಣ ಕೈಯವರಿಗೆ ಅನುಕೂಲ. ‘ತಂತಿ ಉದ್ದ’ ಅಂತ ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ.

ಮೇಲೆ, ಕೆಳಗೆ ಅನ್ನುವುದು ಇನ್ನೊಂದು ತಲೆನೋವು. ಗಿಟಾರ್ ತೊಡೆಯ ಮೇಲಿಟ್ಟುಕೊಂಡರೆ ಕಣ್ಣಿಗೆ ಮೇಲಿರುವುದು ದಪ್ಪ ತಂತಿ. ಆದರೆ ಸ್ವರದಲ್ಲಿ ಅದೇ ಎಲ್ಲಕ್ಕಿಂತ ಕೆಳಗೆ. ‘ಮೇಲಕ್ಕೆ ಹೋಗು’ ಅಂದರೆ ಗಿಟಾರಿನ ಮೈಯ ಕಡೆಗೋ, ಬಿರಡೆಯ ಕಡೆಗೋ? ಗುರುಗಳು ಒಂದು ಅರ್ಥದಲ್ಲಿ ಹೇಳುತ್ತಾರೆ, ಹುಡುಗರು ಇನ್ನೊಂದು ಅರ್ಥದಲ್ಲಿ ಮಾಡುತ್ತಾರೆ. ದಪ್ಪ ತಂತಿ, ಸಣ್ಣ ತಂತಿ, ಬಿರಡೆ ಕಡೆ, ಕುದುರೆ ಕಡೆ ಅಂದುಬಿಟ್ಟರೆ ಗೊಂದಲವೇ ಇಲ್ಲ. ಎಣಿಕೆ ಮಾತ್ರ ರೂಢಿಯಂತೆ ಇರಲಿ: ಸಣ್ಣ ತಂತಿ ಒಂದನೆಯದು, ದಪ್ಪದ್ದು ಆರನೆಯದು.

ಈಗ ‘ಟ್ರೆಮೊಲೊ’. ಇದು ಇಂಗ್ಲಿಷಿನಲ್ಲೇ ತಪ್ಪಾಗಿ ಅಂಟಿಕೊಂಡ ಹೆಸರು. ಸಂಗೀತದಲ್ಲಿ ಟ್ರೆಮೊಲೊ ಅಂದರೆ ಸ್ವರದ ಜೋರು ಹೆಚ್ಚುಕಡಿಮೆ ಆಗುವುದು, ವೈಬ್ರಾಟೊ ಅಂದರೆ ಶ್ರುತಿಯೇ ಅಲುಗುವುದು. 1954ರಲ್ಲಿ ಫೆಂಡರ್ ಕಂಪನಿಯ ಲಿಯೋ ಫೆಂಡರ್ ಸ್ಟ್ರಾಟೋಕ್ಯಾಸ್ಟರ್ (ಚಿಕ್ಕದಾಗಿ ಸ್ಟ್ರಾಟ್) ಅನ್ನುವ ಗಿಟಾರ್ ತಂದಾಗ ಶ್ರುತಿ ಅಲುಗಿಸುವ ಕುದುರೆಗೆ ಟ್ರೆಮೊಲೊ ಅಂತ ಹೆಸರಿಟ್ಟರು. ಆಮೇಲೆ ಅವರದೇ ಕಂಪನಿಯ ಹಲವು ಆಂಪುಗಳಲ್ಲಿ ಜೋರನ್ನು ಅಲುಗಿಸುವ ಗುಂಡಿಗೆ ವೈಬ್ರಾಟೊ ಅಂತ ಬರೆದಿತ್ತು! ಪೂರಾ ಅದಲುಬದಲು. ನಮ್ಮಲ್ಲಿ ‘ಕಂಪಿತ’ ಅನ್ನುವ ಗಮಕ ಇದೆ, ಅದು ಶ್ರುತಿಯ ಅಲುಗೇ. ಆದರೆ ಅಂಗಡಿಯಲ್ಲಿ ನಿಂತು ‘ಕಂಪಿತ ಕುದುರೆ’ ಕೇಳಲು ಆಗಲ್ಲ. ಸುಮ್ನೆ ‘ಅಲ್ಲಾಡುವ ಕುದುರೆ’ ಮತ್ತು ‘ಗಟ್ಟಿ ಕುದುರೆ’ ಸಾಕು. ನನ್ನ ಸಲಹೆ ಗಟ್ಟಿ ಕುದುರೆಯದು. ಅಲ್ಲಾಡುವುದೇ ಬೇಕಿದ್ದರೆ ಸ್ಟ್ರಾಟಿನ ಹಾಗೆ ಸರಳವಾದದ್ದು ಇರಲಿ. ಫ್ಲಾಯ್ಡ್ ರೋಸ್ ಅನ್ನುವ ಬಗೆ ಇದೆ, ಎರಡೂ ತುದಿಯಲ್ಲಿ ತಂತಿಗೆ ಬೀಗ ಹಾಕುವಂಥದ್ದು. ಒಂದು ತಂತಿ ಬದಲಿಸಿದರೆ ಉಳಿದ ಐದೂ ಶ್ರುತಿ ತಪ್ಪುತ್ತವೆ. ಕಲಿಯುವವನಿಗೆ ಅದು ಖಂಡಿತ ಬೇಡ.

ಎಲೆಕ್ಟ್ರಿಕ್ ಗಿಟಾರನ್ನು ‘ವಿದ್ಯುತ್ ಗಿಟಾರ್’ ಅಂತ ಬರೆದಿರುವುದನ್ನೂ ನೋಡಿದ್ದೇನೆ. ಹಾಗೆ ಬರೆದರೆ ಅಕ್ಕ ಮೊದಲು ಕೇಳುವುದೇ ‘ಕರೆಂಟು ಹೊಡೆಯಲ್ವೇನೋ?’ ಅಂತ. ಗಿಟಾರಿಗೆ ಕರೆಂಟು ಕೊಡುವುದಿಲ್ಲ. ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ, ಅದೇ ಪಿಕಪ್. ಮೇಲೆ ಉಕ್ಕಿನ ತಂತಿ ಅಲುಗಿದರೆ ಅದರಲ್ಲಿ ಚೂರು ವಿದ್ಯುತ್ತು ಹುಟ್ಟುತ್ತದೆ, ಆಂಪು ಅದನ್ನು ದೊಡ್ಡದು ಮಾಡುತ್ತದೆ. ಅದಕ್ಕೇ ಎಲೆಕ್ಟ್ರಿಕ್‌ಗೆ ನೈಲಾನ್ ತಂತಿ ಹಾಕಿದರೆ ಆಂಪಿನಲ್ಲಿ ಏನೂ ಕೇಳಿಸುವುದಿಲ್ಲ. ಅಕ್ಕನ ಪ್ರಶ್ನೆಯಲ್ಲಿ ಅರ್ಥ ಇಲ್ಲದಿಲ್ಲ. ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪಿನ ಅರ್ಥಿಂಗಿಗೆ ಸೇರಿರುತ್ತವೆ. ಆಂಪನ್ನು ಮೂರು ಪಿನ್ನಿನ, ಅರ್ಥಿಂಗ್ ಸರಿಯಿರುವ ಪ್ಲಗ್ಗಿಗೇ ಹಾಕಬೇಕು. ತಂತಿ ಮುಟ್ಟಿದಾಗ ಜುಮ್ ಅಂದರೆ ಆಫ್ ಮಾಡಿ ಎಲೆಕ್ಟ್ರಿಷಿಯನ್ನರನ್ನು ಕರೆಸಬೇಕು.

ಸದ್ದಿನ ಪದಗಳೂ ಬೇಕು. ಅಂಗಡಿಯಲ್ಲಿ ಎಲ್ಲದಕ್ಕೂ ‘ಸೌಂಡ್ ಬರ್ತಿದೆ’ ಅನ್ನುತ್ತಾರೆ. ಯಾವ ಸದ್ದು? ತಂತಿ ಮೆಟ್ಟಿಲಿಗೆ ತಾಗುವುದು ‘ಗರ್’, ಅದು ಆಂಪ್ ಆಫ್ ಇದ್ದರೂ ಕೇಳುತ್ತದೆ, ಹದ ಮಾಡಿದರೆ ಹೋಗುತ್ತದೆ. ಮನೆಯ ಕರೆಂಟಿನ 50 ಹರ್ಟ್ಸ್ ಅಲುಗನ್ನು ಪಿಕಪ್ ಹಿಡಿಯುವುದು ‘ಗುಂಯ್’, ಅದು ಆಂಪಿನಿಂದ ಬರುತ್ತದೆ. ಒಂದೇ ಸುರುಳಿಯ ಪಿಕಪ್ಪಿನಲ್ಲಿ ಗುಂಯ್ ಸಹಜ. ಗಿಬ್ಸನ್ ಕಂಪನಿಯಲ್ಲಿ ಸೆತ್ ಲವರ್ 1955ರಲ್ಲಿ ಎರಡು ಸುರುಳಿ ಸೇರಿಸಿ ಅದನ್ನು ತಡೆದರು. ಗುಂಯ್ ಎರಡರಲ್ಲಿ ಎದುರುಬದುರಾಗಿ ಹುಟ್ಟಿ ಅಳಿಸಿಹೋಗುತ್ತದೆ, ತಂತಿಯ ಸ್ವರ ಕೂಡಿಕೊಳ್ಳುತ್ತದೆ. ಅದು ಹಂಬಕರ್. ಕನ್ನಡದಲ್ಲಿ ‘ಜೋಡಿ ಸುರುಳಿ’ ಅಂದುಕೊಂಡಿದ್ದೇನೆ. ಯಮಾಹಾ ಪೆಸಿಫಿಕಾ 112 ಅನ್ನುವ ಗಿಟಾರಿನಲ್ಲಿ ಕುದುರೆ ಕಡೆ ಒಂದು ಜೋಡಿ ಸುರುಳಿ, ಉಳಿದೆರಡು ಒಂಟಿ. ಯಾವ ಬಗೆಯ ಹಾಡು ಇಷ್ಟವಾಗುತ್ತದೋ ಇನ್ನೂ ಗೊತ್ತಿಲ್ಲದವರಿಗೆ ಇದು ಒಳ್ಳೆಯ ಆಯ್ಕೆ. ನಾನು ಅವನಿಗೆ ಹೇಳಿದ್ದೂ ಇದನ್ನೇ.

ಮರದ ಹೆಸರಿನ ವಿಷಯ ಇಲ್ಲಿ ಹಲವರಿಗೆ ಇಷ್ಟವಾಗಬಹುದು. ಸ್ಕ್ವಾಯರ್ ಗಿಟಾರುಗಳ ವಿವರದಲ್ಲಿ, ಮೆಟ್ಟಿಲುಗಳನ್ನು ಕೂರಿಸಿರುವ ಬೆರಳ ಹಲಗೆಗೆ ‘ಇಂಡಿಯನ್ ಲಾರೆಲ್’ ಅಂತ ಇರುತ್ತದೆ. ಲಾರೆಲ್ ಅಂದ ಕೂಡಲೇ ಗ್ರೀಕರು ಗೆದ್ದವರಿಗೆ ತೊಡಿಸುತ್ತಿದ್ದ ಎಲೆ ನೆನಪಾಗುತ್ತದೆ. ಅದಲ್ಲ. ಇದು ನಮ್ಮ ಪಶ್ಚಿಮಘಟ್ಟದ ಕಾಡಿನಲ್ಲೂ ಬೆಳೆಯುವ ಮತ್ತಿ. ರೋಸ್‌ವುಡ್ ಅಂದರೆ ಬೀಟೆ. 2017ರಲ್ಲಿ ಬೀಟೆಯ ಇಡೀ ಕುಲವನ್ನು ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಪಟ್ಟಿಗೆ ಸೇರಿಸಿದರು. ಆಗ ಹಲವು ಕಂಪನಿಗಳು ಬೇರೆ ಮರಗಳ ಕಡೆ ತಿರುಗಿದವು. 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಹೊಸಬರ ಕೈಗೆ ಮತ್ತಿಯೂ ಬೀಟೆಯೂ ಒಂದೇ. ಹಲಗೆಯ ಅಂಚಿನಲ್ಲಿ ಅಂಗೈ ಸವರಿದಾಗ ಮೆಟ್ಟಿಲ ಮೊನೆ ಚುಚ್ಚದಿದ್ದರೆ ಸರಿ. ಒಣ ಹವೆಗೆ ಮರ ಕುಗ್ಗಿದರೆ ಲೋಹದ ತುದಿ ಹೊರಗೆ ಬರುತ್ತದೆ. ಅದನ್ನು ಅರದಿಂದ ಉಜ್ಜಿಸಿಕೊಳ್ಳಬಹುದು.

ಹಾಗಾದರೆ ನನ್ನ ಪ್ರಶ್ನೆಗಳು ಇವು. ‘ತಂತಿ ಎತ್ತರ’ಕ್ಕಿಂತ ಚಿಕ್ಕದಾಗಿ, ವಾದ್ಯ ರಿಪೇರಿ ಮಾಡುವವರ ಬಾಯಲ್ಲಿ ಬೇರೆ ಪದ ಇದೆಯಾ? ಹುಬ್ಬಳ್ಳಿ, ಧಾರವಾಡದ ಕಡೆ ಸಿತಾರಿನವರು ಇದಕ್ಕೆ ಏನನ್ನುತ್ತಾರೆ? ಬೆರಳು ಕೂರುವ ಜಾಗಕ್ಕೆ ‘ಮನೆ’ ಒಪ್ಪುತ್ತೀರಾ? ಕೊನೆಯದು: ‘ಮೀಟು’ ಅಂದರೆ ಒಂದೊಂದೇ ತಂತಿ, ಸರಿ. ಆರೂ ತಂತಿಯ ಮೇಲೆ ಒಮ್ಮೆಗೇ ಕೈ ಆಡಿಸುವುದಕ್ಕೆ, ಅಂದರೆ ಸ್ಟ್ರಮ್ ಮಾಡುವುದಕ್ಕೆ, ‘ಬಾರಿಸು’ ಅಂದರೆ ತಬಲ ಆಯಿತು, ‘ಗೀರು’ ಅಂದರೆ ಉಗುರು ತಾಗಿದ ಹಾಗಾಯಿತು. ಯಾವ ಕ್ರಿಯಾಪದ ಹಾಕಲಿ?